ನೀರಿಗೆ ಬದು ಹಾಕುವುದನ್ನು ಕಲಿಯಲು ಜಾಫ್ನಾಕ್ಕೆ

1974ರ ಜೂನ್ 26ರಂದು ಕೊಲಂಬೊದಲ್ಲಿ, ಎರಡು ದಿನ ಬಿಟ್ಟು ದೆಹಲಿಯಲ್ಲಿ, ಭಾರತ ಮತ್ತು ಶ್ರೀಲಂಕಾದ ಪ್ರಧಾನಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಪಾಕ್ ಜಲಸಂಧಿಯ ನೀರಿನಲ್ಲಿ ಆರು ಬಿಂದುಗಳನ್ನು ಗೊತ್ತುಮಾಡಿ, ಅವುಗಳ ನಡುವೆ ಗೆರೆ ಎಳೆದು, ಈಚೆಯದು ನಮ್ಮದು, ಆಚೆಯದು ನಿಮ್ಮದು ಎಂದು ಬರೆದುಕೊಂಡರು. ಕಚ್ಚತೀವು ಎಂಬ ನಿರ್ಜನ ದ್ವೀಪ ಗೆರೆಯಿಂದ ಒಂದು ಮೈಲು ಆಚೆ ಉಳಿಯಿತು.

ಕೊಪ್ಪಳ

ಆ ಗೆರೆ ನೋಡಲು ನಮಗೆ ಕಾರಣವಿರಲಿಲ್ಲ. ಕೊಪ್ಪಳದಲ್ಲಿ ಸಮುದ್ರವಿಲ್ಲ. ಆದರೆ ಸಮುದ್ರದ ಗಡಿಗಳನ್ನು ದೇಶಗಳು ಹೇಗೆ ನಿರ್ಧರಿಸುತ್ತವೆ ಎಂಬುದರ ಬಗ್ಗೆ ಜಾಫ್ನಾದಲ್ಲಿ ಕರಾವಳಿ ಪತ್ರಕರ್ತರಿಗೆ ಮೂರು ದಿನಗಳ ಕಾರ್ಯಾಗಾರ ಏರ್ಪಡಿಸಿದ್ದ ಸಂಸ್ಥೆಯೊಂದು ನನಗೆ ಆಹ್ವಾನ ಕಳಿಸಿತು. ಕರ್ನಾಟಕಕ್ಕೆ ಕರಾವಳಿ ಇದೆ, ಕೊಪ್ಪಳ ಕರ್ನಾಟಕದಲ್ಲಿದೆ, ಆದ್ದರಿಂದ ಕೊಪ್ಪಳದ ವರದಿಗಾರ ಕರಾವಳಿಯವನು. ಸಂಘಟಕರ ತರ್ಕ ಇಷ್ಟೇ. ನಾನು ತಿದ್ದಬಹುದಿತ್ತು, ತಿದ್ದಲಿಲ್ಲ. ಇಪ್ಪತ್ತು ವರ್ಷ ತಹಶೀಲ್ದಾರ್ ಕಚೇರಿ ಮತ್ತು ಕೋರ್ಟಿನ ಸುದ್ದಿ ಬರೆದವನಿಗೆ ಪರದೇಶದ ಆಹ್ವಾನ ದಿನಾ ಬರುವುದಿಲ್ಲ.

ಜೊತೆಗೆ ಒಬ್ಬ 'ಸ್ಥಳೀಯ ತಜ್ಞ'ರನ್ನು ಕರೆತರಬಹುದು ಎಂದಿತ್ತು. ನಾನು ಕುಷ್ಟಗಿಯ ಖಾದರಸಾಬರನ್ನು ಕರೆದೆ. ಸರ್ವೇ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ಯಲಬುರ್ಗಾ, ಗಂಗಾವತಿ ಕಡೆಯ ಹೊಲಗಳ ಬಾಂದಗಲ್ಲುಗಳು ಅವರಿಗೆ ಸಂಬಂಧಿಕರಷ್ಟು ಪರಿಚಯ. ಉಮ್ರಾಕ್ಕೆಂದು ಮಾಡಿಸಿದ ಪಾಸ್‌ಪೋರ್ಟ್ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವರಿಗೆ ನೀರಿನ ಗಡಿಯ ವಿದ್ಯೆ ತುರ್ತಾಗಿ ಬೇಕಾಗಿತ್ತು.

ಅದರ ಹಿನ್ನೆಲೆ ಹೀಗೆ. ಸಾಣಾಪುರದ ಕೆರೆಯ ದಂಡೆಯಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರ ಹೊಲಗಳಿವೆ. ಮಲ್ಲಪ್ಪ ದೊಡ್ಡವನು, ಯಂಕಪ್ಪ ಚಿಕ್ಕವನು. ಇಬ್ಬರೂ ಪ್ರವಾಸಿಗರನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು ಸುತ್ತಿಸುತ್ತಾರೆ. ಗಿರಾಕಿಗಳಿಗಾಗಿ ಜಗಳವಾಗಿ, ಯಂಕಪ್ಪ ಒಂದು ದಿನ ಎರಡು ಹೊಲಗಳ ನಡುವಿನ ಬದುವನ್ನು ನೀರಿನೊಳಗೂ ನೆಟ್ಟಗೆ ಮುಂದುವರಿಸಿದ. ಬಿದಿರು ನೆಟ್ಟು, ಹಗ್ಗ ಕಟ್ಟಿ, ಹಗ್ಗಕ್ಕೆ ಖಾಲಿ ಬಾಟಲಿ ತೂಗಿಬಿಟ್ಟ. ನೆಲದ ಮೇಲೆ ಬದು ಇರುವಾಗ ನೀರಿನಲ್ಲಿ ಯಾಕಿರಬಾರದು ಎಂಬುದು ಅವನ ವಾದ.

ತೊಂದರೆ ಏನೆಂದರೆ ಮಲ್ಲಪ್ಪನ ಹೊಲ ದಂಡೆಯ ಒಳಬಾಗಿನಲ್ಲಿದೆ. ಅವನ ಎಡಕ್ಕೆ ನೀರಿನೊಳಕ್ಕೆ ಚಾಚಿದ ಬಂಡೆಗಳ ಗುಡ್ಡ, ಬಲಕ್ಕೆ ಯಂಕಪ್ಪ. ಬದುವನ್ನು ನೆಟ್ಟಗೆ ಎಳೆದರೆ ಅದು ಗುಡ್ಡಕ್ಕೆ ಹೋಗಿ ಬಡಿಯುತ್ತದೆ. ಮಲ್ಲಪ್ಪನ ಪಾಲಿಗೆ ಉಳಿಯುವುದು ಸಮೋಸದ ಆಕಾರದ, ಬಾಯಿ ಹೊಲಿದ ನೀರು. ಅವನ ಹರಿಗೋಲು ಅಲ್ಲಿಂದ ಹೊರಗೆ ಬರುವಂತಿಲ್ಲ. ಹೊರಗೆ ಬಾರದ ಹರಿಗೋಲಿನಲ್ಲಿ ಯಾರೂ ಕೂರುವುದಿಲ್ಲ. ಮಲ್ಲಪ್ಪನ ಮನೆ ನಡೆಯುವುದು ಆ ಹರಿಗೋಲಿನಿಂದಲೇ.

ಕೆರೆ ಸರಕಾರದ್ದು, ಇಬ್ಬರಿಗೂ ಅದರ ಮೇಲೆ ಹಕ್ಕಿಲ್ಲ. ಇದು ಇಬ್ಬರಿಗೂ ಗೊತ್ತು. ಅದನ್ನು ಅವರು ಬೇರೆ ವಿಷಯ ಎಂದು ಪರಿಗಣಿಸಿದ್ದಾರೆ.

ಹಿರಿಯರು ಸೇರಿಸಿದ ಪಂಚಾಯಿತಿಯಲ್ಲಿ ಇಬ್ಬರೂ ಖಾದರಸಾಬರ ಮಾತಿಗೆ ಕಟ್ಟುಬೀಳುವುದಾಗಿ ಒಪ್ಪಿದರು. ಖಾದರಸಾಬರು ಟೇಪು ಹಿಡಿದು ದಂಡೆಗೆ ಹೋದರು, ಒಂದು ತಾಸು ನಿಂತರು, ಮರಳಿದರು. "ನೆಲಕ್ಕ ಕಲ್ಲು ಹಾಕೀನಿ, ಗುಡ್ಡಕ್ಕ ಕಲ್ಲು ಹಾಕೀನಿ. ನೀರಿಗೆ ಎಲ್ಲಿ ಹಾಕೂದ್ರಿ?" ಎಂದು ನನ್ನನ್ನು ಕೇಳಿದರು. ಆ ವಾರವೇ ಜಾಫ್ನಾದ ಪತ್ರ ಬಂದಿತ್ತು.

ನಾಗಪಟ್ಟಣ

ನಾಗಪಟ್ಟಣದಿಂದ ಶ್ರೀಲಂಕಾಕ್ಕೆ ಹಡಗು ಹೋಗುತ್ತದೆ. ಬಂದರಿನ ತಪಾಸಣೆಯಲ್ಲಿ ಖಾದರಸಾಬರ ಚೀಲದಿಂದ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಮೂವತ್ತು ಮೀಟರಿನ ಟೇಪು ಮತ್ತು ನಾಲ್ಕು ಮಡಿಕೆಯ ಒಂದು ನಕಾಶೆ ಹೊರಬಂದವು. ಅಧಿಕಾರಿ ಚಟ್ನಿಯನ್ನು ಮೂಸಿ ಪಕ್ಕಕ್ಕಿಟ್ಟರು. ನಕಾಶೆ ಬಿಡಿಸಿ, ಇದೇನು ಎಂದು ಕೇಳಿದರು. ಸರಕಾರಿ ನೌಕರಿಯಲ್ಲಿ ಎಂದೂ ಸುಳ್ಳು ಹೇಳಿಲ್ಲವೆಂದು ಹೆಮ್ಮೆಪಡುವ ಖಾದರಸಾಬರು, ಇದು ವಿವಾದಿತ ಜಲಗಡಿಯ ನಕಾಶೆ, ಇದರ ಕೆಲಸಕ್ಕಾಗಿಯೇ ಶ್ರೀಲಂಕಾಕ್ಕೆ ಹೋಗುತ್ತಿದ್ದೇನೆ ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು.

ನಮ್ಮನ್ನು ಪಕ್ಕದ ಕೋಣೆಯಲ್ಲಿ ಕೂಡಿಸಿದರು. ಇನ್ನಿಬ್ಬರು ಅಧಿಕಾರಿಗಳು ಬಂದರು. ನಕಾಶೆಯ ಮೂಲೆಯಲ್ಲಿದ್ದ ಅಳತೆಗೋಲನ್ನು ಹಿರಿಯ ಅಧಿಕಾರಿ ಗಮನಿಸಿದ ಮೇಲೆ, ವಿವಾದಿತ ಜಲಪ್ರದೇಶ ಅವರ ಬಂದರಿನ ವಾಹನ ನಿಲ್ದಾಣಕ್ಕಿಂತ ದೊಡ್ಡದಲ್ಲ ಎಂಬುದು ಖಚಿತವಾಯಿತು. ನಮ್ಮನ್ನು ಬಿಟ್ಟರು. ಚಟ್ನಿಯನ್ನೂ ಕೊಟ್ಟರು.

ಗೆರೆ

ಹಡಗಿನಲ್ಲಿ ಎಲ್ಲರಿಗೂ ಗೆರೆ ನೋಡುವ ಆಸೆ. ಮೊಬೈಲಿನ ನಕಾಶೆಯಲ್ಲಿ ಅದು ಸಣ್ಣ ಚುಕ್ಕೆಗಳ ಸಾಲಾಗಿ ಕಾಣುತ್ತದೆ. ಅದು ಬಂದಾಗ ಫೋಟೊ ತೆಗೆಯಬೇಕೆಂದು ಮೂವತ್ತು ನಲವತ್ತು ಜನ ಮುಂಭಾಗದಲ್ಲಿ ಕಾದು ನಿಂತರು. ದಡ ಮರೆಯಾಗುತ್ತಿದ್ದಂತೆ ಸಿಗ್ನಲ್ ಹೋಯಿತು. ಆ ಮೇಲೆ ಯಾರಿಗೂ ತಾವೆಲ್ಲಿದ್ದೇವೆಂದು ಗೊತ್ತಾಗಲಿಲ್ಲ. ಒಂದು ಕುಟುಂಬ ಮಾತ್ರ ಅಂದಾಜಿನ ಮೇಲೆ ಒಂದು ಅಲೆಯನ್ನು ಆರಿಸಿಕೊಂಡು ಅದರ ಮುಂದೆ ಫೋಟೊ ತೆಗೆಸಿಕೊಂಡಿತು.

ಖಾದರಸಾಬರು ಆ ಹೊತ್ತಿಗೆ ಹಡಗಿನವರು ಕೊಟ್ಟ ಪ್ಲಾಸ್ಟಿಕ್ ಚೀಲದೊಳಗೆ ಮುಖ ಇಟ್ಟಿದ್ದರು. ಮೂವತ್ನಾಲ್ಕು ವರ್ಷ ಬಿಸಿಲಲ್ಲಿ ನಡೆದ ಮನುಷ್ಯನನ್ನು ಸಮುದ್ರ ಅರ್ಧ ಗಂಟೆಯಲ್ಲಿ ಮಲಗಿಸಿತು. ಚೇತರಿಸಿಕೊಂಡ ಮೇಲೆ ಗೆರೆ ಬಂತೇ ಎಂದು ಕೇಳಿದರು. ಗೆರೆ ದಾಟಿ ಅರ್ಧ ಗಂಟೆಯಾಯಿತೆಂದು ಸಿಬ್ಬಂದಿಯೊಬ್ಬ ಹೇಳಿದ.

"ಕಲ್ಲಿಲ್ಲ, ಬದು ಇಲ್ಲ, ಒಂದ್ ಮುಳ್ಳಿನ ಬೇಲಿ ಸೈತ ಇಲ್ಲ" ಎಂದರು ಖಾದರಸಾಬರು, ಹಿಂದಕ್ಕೆ ತಿರುಗಿ ನೋಡಿ. "ಇದಕ್ಕಿಂತ ನಮ್ಮ ಯಂಕಪ್ಪನ ಬಾಟ್ಲಿ ಛಲೋ ಅದಾವ್ರಿ."

ಜಾಫ್ನಾ, ಮೊದಲ ದಿನ

ಜಾಫ್ನಾದ ಜನ ಸೈಕಲ್ ತುಳಿಯುವುದನ್ನು ನೋಡಿದರೆ ಅವರಿಗೆ ಎಲ್ಲಿಗೂ ಹೋಗಬೇಕಾಗಿಲ್ಲ ಎನಿಸುತ್ತದೆ. ಕೊಪ್ಪಳದ ಜವಾಹರ ರಸ್ತೆಯಲ್ಲಿ ಹಾಗೆ ತುಳಿದವನು ಸಂಜೆಗೆ ಮನೆ ಮುಟ್ಟುವುದಿಲ್ಲ. ಬೆಳಿಗ್ಗೆ ಶಾವಿಗೆಯಂಥದ್ದನ್ನು ಆವಿಯಲ್ಲಿ ಬೇಯಿಸಿ, ತೆಂಗಿನ ಹಾಲಿನ ಸಾರಿನೊಂದಿಗೆ ಬಡಿಸಿದರು. ಖಾದರಸಾಬರು ಅದನ್ನು ಗುರೆಳ್ಳು ಚಟ್ನಿಯಲ್ಲಿ ಕಲಸಿ ತಿಂದರು. ಬಡಿಸಿದ ಹೆಂಗಸು ಬೇರೆ ಕಡೆ ನೋಡಿದಳು.

ಕಾರ್ಯಾಗಾರಕ್ಕೆ ಹತ್ತಾರು ದೇಶಗಳ ಪತ್ರಕರ್ತರು ಬಂದಿದ್ದರು. ಹೆಚ್ಚಿನವರು ತಮ್ಮ ದೇಶಕ್ಕೆ ಪಕ್ಕದ ದೇಶ ಮಾಡಿದ ಅನ್ಯಾಯವನ್ನು ಚಹಾ ವಿರಾಮದಲ್ಲಿ ವಿವರಿಸುತ್ತಿದ್ದರು. ತಮ್ಮ ದೇಶ ಪಕ್ಕದವರಿಗೆ ಮಾಡಿದ ಅನ್ಯಾಯ ಹೇಳಿದ ಒಬ್ಬನೂ ನನಗೆ ಸಿಗಲಿಲ್ಲ. ಕೊಪ್ಪಳದಲ್ಲಿ ಯಾವ ಬಂದರಿದೆ ಎಂದು ಒಬ್ಬರು ಕೇಳಿದರು. ಬಂದರಿಲ್ಲ, ವಿವಾದ ಮಾತ್ರ ಇದೆ ಎಂದೆ. ಅವರು ತಲೆದೂಗಿ ಬರೆದುಕೊಂಡರು.

ಪಾಠ ಮಾಡಿದವರು ಕೊಲಂಬೊದ ಒಬ್ಬ ಮಹಿಳೆ. ಸಮುದ್ರದ ಆಳ ಅಳೆಯುವ ಕೆಲಸದಲ್ಲಿ ಬಹುಕಾಲ ಇದ್ದವರು. ನಗುವುದಿಲ್ಲ, ಕೈ ಆಡಿಸುವುದಿಲ್ಲ, ಒಂದೇ ದನಿಯಲ್ಲಿ ಹೇಳುತ್ತಾರೆ. ಅವರ ಇಂಗ್ಲಿಷನ್ನು ನಾನು ಖಾದರಸಾಬರ ಕಿವಿಗೆ ಕನ್ನಡದಲ್ಲಿ ಹಾಕುತ್ತಿದ್ದೆ. ಪಾಠದ ಸಾರ ಇಷ್ಟು. ಇಳಿತದ ವೇಳೆ ನೀರು ಎಲ್ಲಿಯವರೆಗೆ ಹಿಂದೆ ಸರಿಯುತ್ತದೋ ಆ ಅಂಚೇ ಬುನಾದಿ ರೇಖೆ. ಅಲ್ಲಿಂದ ಹನ್ನೆರಡು ನಾಟಿಕಲ್ ಮೈಲಿಯವರೆಗೆ ದೇಶದ ಸ್ವಂತ ನೀರು. ಇನ್ನೂರು ಮೈಲಿಯವರೆಗೆ ಮೀನಿಗೆ, ಎಣ್ಣೆಗೆ ಅದೇ ಯಜಮಾನ. ಎದುರು ಬದುರಿನ, ಅಕ್ಕಪಕ್ಕದ ದೇಶಗಳ ಮೈಲಿಗಳು ಒಂದರ ಮೇಲೊಂದು ಬಿದ್ದಾಗ ಮಾತಾಡಿಕೊಳ್ಳಬೇಕು. ಮಾತು ಮುರಿದರೆ ನ್ಯಾಯಮಂಡಳಿಗೆ ಹೋಗಬೇಕು. ಎಲ್ಲ ಅಳತೆಯೂ ನೆಲದಿಂದ ಶುರು. ನೆಲವಿಲ್ಲದವನಿಗೆ ನೀರಿಲ್ಲ.

ಸಂಜೆ ಖಾದರಸಾಬರು ಸಾಣಾಪುರಕ್ಕೆ ಫೋನ್ ಮಾಡಿ ಆ ದಿನದ ಪಾಠ ಒಪ್ಪಿಸಿದರು. ಪಂಚ ಆದವನು ಪಕ್ಷಪಾತ ಮಾಡಬಾರದೆಂದು ಮೊದಲು ಮಲ್ಲಪ್ಪನಿಗೆ, ಆಮೇಲೆ ಯಂಕಪ್ಪನಿಗೆ, ಅವೇ ಶಬ್ದಗಳಲ್ಲಿ ಹೇಳಿದರು. ನ್ಯಾಯಾಧೀಶನೊಬ್ಬ ವಿಚಾರಣೆಯ ನಡುವೆ ಕಾನೂನಿನ ಪುಸ್ತಕವನ್ನು ಕಕ್ಷಿದಾರರಿಗೆ ಓದಿ ಹೇಳಿದರೆ ಏನಾಗುತ್ತದೆಂದು ಅವರು ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಜಾಫ್ನಾ, ಎರಡನೇ ದಿನ

ಬೆಳಿಗ್ಗೆ ಫೋಟೊ ಬಂದಿತ್ತು. ಮಲ್ಲಪ್ಪ ತನ್ನ ದಂಡೆಯಿಂದ ನೀರಿಗೆ ಎರಡು ಟ್ರ್ಯಾಕ್ಟರ್ ಕಲ್ಲು ಸುರಿಸಿ ನೆಲವನ್ನು ಮುಂದೆ ದೂಡಿದ್ದ. ಅಳತೆ ನೆಲದಿಂದ ಶುರುವಾಗುವುದಾದರೆ ನೆಲವನ್ನೇ ಉದ್ದ ಮಾಡುವುದು ಜಾಣತನ ಎಂಬುದು ಅವನ ಲೆಕ್ಕ.

ಖಾದರಸಾಬರು ಸಭೆಯಲ್ಲಿ ಎದ್ದುನಿಂತು, ಒಬ್ಬ ಪಕ್ಷಗಾರ ರಾತ್ರೋರಾತ್ರಿ ನೆಲ ಬೆಳೆಸಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಪಾಠದ ಮಹಿಳೆ ಒಂದು ಚಿತ್ರ ತೋರಿಸಿದರು. ಸಮುದ್ರದ ನಡುವಿನ ಹವಳದ ದಿಬ್ಬದ ಮೇಲೆ ಯಂತ್ರಗಳು ಮರಳು ಸುರಿಯುತ್ತಿದ್ದವು. ಮನುಷ್ಯ ಕಟ್ಟಿದ ದ್ವೀಪಕ್ಕೆ ಕಾನೂನು ತನ್ನದೇ ಆದ ನೀರು ಕೊಡುವುದಿಲ್ಲ ಎಂದರು. ಆದರೆ ಬಂದರಿನ ಕಾಯಂ ಕಟ್ಟೆಯಾದರೆ ಅದು ದಡದ ಭಾಗವೆಂದೇ ಲೆಕ್ಕ. ಇದನ್ನೂ ಖಾದರಸಾಬರು ಮಧ್ಯಾಹ್ನವೇ ಫೋನಿನಲ್ಲಿ ಹೇಳಿದರು. "ಹಂಗಾರ ಅದು ಬಂದರ ಅಂತ ಬರಕೊಳ್ರಿ ಸಾಹೇಬ್ರ" ಎಂದ ಮಲ್ಲಪ್ಪ.

ಯಂಕಪ್ಪನ ಬಳಿ ಬೇರೆ ಅಸ್ತ್ರವಿತ್ತು. ಅವನ ದಂಡೆಯ ಎದುರು, ಕೂಗಿದರೆ ಕೇಳುವಷ್ಟು ದೂರದಲ್ಲಿ, ಕೆರೆಯೊಳಗೊಂದು ಬಂಡೆಯಿದೆ. ಕೆರೆ ತುಂಬಿದಾಗ ಮುಳುಗುತ್ತದೆ, ಇಳಿದಾಗ ಆನೆಯ ಬೆನ್ನಿನಂತೆ ಏಳುತ್ತದೆ. ಯಂಕಪ್ಪ ಹಿಂದೆಯೇ ಅದಕ್ಕೆ ಸುಣ್ಣ ಬಳಿದು ಬಾವುಟ ಊರಿದ್ದ. ತನ್ನ ನೀರನ್ನು ಆ ಬಂಡೆಯಿಂದ ಅಳೆಯಬೇಕೆಂಬುದು ಅವನ ಹಟ. ಹಾಗೆ ಅಳೆದರೆ ಮಲ್ಲಪ್ಪನಿಗೆ ಸಮೋಸವೂ ಉಳಿಯುವುದಿಲ್ಲ.

ಆ ದಿನದ ಪಾಠ ಬಂಡೆಗಳದ್ದೇ. ಉಬ್ಬರದಲ್ಲೂ ಮುಳುಗದೆ ನಿಲ್ಲುವ, ಜನ ಬಾಳಬಲ್ಲ ದ್ವೀಪಕ್ಕೆ ಪೂರ್ಣ ನೀರಿನ ಹಕ್ಕುಂಟು. ಮನುಷ್ಯವಾಸವನ್ನಾಗಲಿ ತನ್ನದೇ ಆರ್ಥಿಕ ಬದುಕನ್ನಾಗಲಿ ತಾಳಲಾರದ ಬರೀ ಬಂಡೆಗೆ ಹನ್ನೆರಡು ಮೈಲಿ ಬಿಟ್ಟರೆ ಹೆಚ್ಚೇನಿಲ್ಲ. ಸಂಜೆ ಖಾದರಸಾಬರು ಇದನ್ನೂ ಇಬ್ಬರಿಗೂ ಒಪ್ಪಿಸಿದರು. ಬೇಡವೆಂದು ನಾನು ಸನ್ನೆ ಮಾಡಿದೆ. "ನಾ ಏನು ಗುಟ್ಟು ಹೇಳಾಕತ್ತೀನೇನ್ರಿ? ಕಾನೂನ್ ಐತಿ, ಹೇಳಾಕತ್ತೀನಿ" ಎಂದರು.

ಇದರ ನಡುವೆ, ಮಧ್ಯಾಹ್ನದ ಹೊತ್ತಿಗೆ, ನಮ್ಮ ಪ್ರಶ್ನೆಗೇ ಸೇರಿದ ಪಾಠವೂ ಆಯಿತು. ನ್ಯಾಯಮಂಡಳಿಗಳು ಈಗ ಮೂರು ಹೆಜ್ಜೆ ಇಡುತ್ತವೆ. ಮೊದಲು ಎರಡೂ ದಡಗಳಿಂದ ಸಮ ದೂರದಲ್ಲಿ ಒಂದು ತಾತ್ಕಾಲಿಕ ಗೆರೆ. ಅದರಿಂದ ಯಾರಿಗಾದರೂ ಎದ್ದು ಕಾಣುವ ಅನ್ಯಾಯವಾಗುತ್ತಿದ್ದರೆ ಗೆರೆಯನ್ನು ಅತ್ತಿತ್ತ ಸರಿಸುವುದು. ಕೊನೆಗೆ, ದಡದ ಉದ್ದಕ್ಕೂ ಸಿಕ್ಕ ನೀರಿಗೂ ತೀರಾ ಅಜಗಜಾಂತರವಿದೆಯೇ ಎಂದು ತಾಳೆ ನೋಡುವುದು. ದಡ ಒಳಬಾಗಿದ ದೇಶಕ್ಕೆ ಸಮದೂರದ ಗೆರೆ ಮುಂದೆ ಮುಚ್ಚಿಕೊಳ್ಳುತ್ತದೆ. ಉತ್ತರ ಸಮುದ್ರದಲ್ಲಿ ಜರ್ಮನಿಗೆ, ಬಂಗಾಳ ಕೊಲ್ಲಿಯಲ್ಲಿ ಬಾಂಗ್ಲಾದೇಶಕ್ಕೆ ಇದೇ ಆಗಿತ್ತು. 2014ರ ಜುಲೈನಲ್ಲಿ ತೀರ್ಪು ಬಂದಾಗ, ಭಾರತ ಕೇಳಿದ್ದ ಸಮದೂರದ ಗೆರೆಯನ್ನು ಬಾಂಗ್ಲಾದೇಶದ ಸಲುವಾಗಿ ಬಾಗಿಸಲಾಯಿತು. ಯಂಕಪ್ಪನ ವಾದ ಮಂಡಿಸಿದ್ದು ನಮ್ಮ ದೇಶವೇ ಎಂಬುದನ್ನು ನಾನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

ಖಾದರಸಾಬರು ಮತ್ತೆ ಎದ್ದರು. ಗೆರೆಯನ್ನು ಎಷ್ಟು ಬಾಗಿಸಬೇಕು, ಎಷ್ಟು ಡಿಗ್ರಿ, ಯಾವ ಸೂತ್ರ ಎಂದು ಕೇಳಿದರು. ಫಲ ನ್ಯಾಯಸಮ್ಮತವಾಗಬೇಕೆಂದು ಕಾನೂನು ಹೇಳುತ್ತದೆ, ಸೂತ್ರ ಹೇಳುವುದಿಲ್ಲ ಎಂದರು ಮಹಿಳೆ. ಖಾದರಸಾಬರು ಕೂತು ನನ್ನ ಕಿವಿಗೆ ಬಾಗಿದರು.

"ನ್ಯಾಯ ಅನ್ನಿಸೋವಷ್ಟು ಸರಿಸೀನಿ ಅಂತ ನಾ ಹದ್ದುಬಸ್ತ್ ರಿಪೋರ್ಟಿನ್ಯಾಗ ಬರದಿದ್ರ ತಹಶೀಲ್ದಾರ್ರು ಫೈಲ್ ಮುಖಕ್ಕ ಒಗೀತಿದ್ರು. ಇಷ್ಟು ಮಂದಿ ಜಡ್ಜ್ ಕುಂತು ಇದನ್ನ ಮಾಡ್ಯಾರೇನ್ರಿ?"

ಕರಿ ನಿಲುವಂಗಿ ತೊಟ್ಟು, ಹಲವು ವರ್ಷ ವಾದ ಕೇಳಿ, ನೂರಾರು ಪುಟ ಬರೆದು ಕೊನೆಗೆ ಅದನ್ನೇ ಮಾಡಿದ್ದಾರೆ ಎಂದೆ.

ಜಾಫ್ನಾ, ಮೂರನೇ ದಿನದ ಬೆಳಿಗ್ಗೆ

ಯಂಕಪ್ಪನ ಫೋಟೊ ಬಂತು. ಸುಣ್ಣದ ಬಂಡೆಯ ಮೇಲೆ ಒಂದು ಆಡು ನಿಂತಿತ್ತು. ಪಕ್ಕದಲ್ಲಿ ಒಂದು ಕಟ್ಟು ಬೇವಿನ ಸೊಪ್ಪು, ಒಂದು ಬಕೆಟ್, ನೆರಳಿಗೆ ಮುರಿದ ಛತ್ರಿ. ಹಿಂದೆಯೇ ಅವನ ಧ್ವನಿ ಸಂದೇಶ.

"ಸಾಹೇಬ್ರ, ಆಡು ಹಾಲ್ ಕೊಡ್ತೈತ್ರಿ. ಅದರ ಹಾಲಿಂದ ಚಾ ಮಾಡಿ ಹರಗೋಲಿನ ಮಂದಿಗೆ ಮಾರತೀನ್ರಿ. ಅಂದಮ್ಯಾಲ ಕಲ್ಲು ತನ್ನ ಹೊಟ್ಟಿ ತಾನ ಹೊರದಂಗಾತಿಲ್ರಿ? ಮಲ್ಲಣ್ಣಗ ಹೇಳ್ರಿ, ಅವನ ಬಂದರಕ್ಕ ಹಡಗು ಯಾವಾಗ ಬರ್ತೈತಿ ಅಂತ."

ನಾನು ಫೋಟೊವನ್ನು ಪಾಠದ ಮಹಿಳೆಗೆ ತೋರಿಸಿದೆ, ನಗಿಸಬಹುದೆಂದು. ಅವರು ನಗಲಿಲ್ಲ. ಎರಡು ಹಾಸಿಗೆಯಷ್ಟಿರುವ ಬಂಡೆ ಅಲೆಗೆ ಸವೆದು ಹೋಗಬಾರದೆಂದು ಅದರ ಸುತ್ತ ಕಾಂಕ್ರೀಟ್ ಸುರಿದು ಕಾಯುತ್ತಿರುವ ಶ್ರೀಮಂತ ದೇಶವೊಂದಿದೆ ಎಂದರು. ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದ, ಬಾವುಟ ಹಾರಿಸಿದ, ಸೈನಿಕರನ್ನು ಕೂಡಿಸಿದ ದೇಶಗಳನ್ನೂ ಒಂದೊಂದಾಗಿ ಹೇಳಿದರು. ಆಡನ್ನು ಯಾರೂ ಯೋಚಿಸಿರಲಿಲ್ಲ ಎಂದು ಮಾತ್ರ ಸೇರಿಸಿದರು.

ಎರಡು ದಿನದಲ್ಲಿ ಖಾದರಸಾಬರ ಕೆಲಸ ಎರಡು ಪಟ್ಟು ಹಾಳಾಗಿತ್ತು. ಮಲ್ಲಪ್ಪ ಇನ್ನೊಂದು ಸಂದೇಶ ಕಳಿಸಿದ್ದ. ಹಗ್ಗ ಇನ್ನೂ ಹಾಗೆಯೇ ಇದೆ, ವಾರಗಳಿಂದ ಹರಿಗೋಲು ನೀರಿಗೆ ಇಳಿದಿಲ್ಲ, ಬೇಗ ಬಂದು ಫೈಸಲಾ ಹೇಳಿ ಎಂದಿದ್ದ. ಅದರಲ್ಲಿ ಬಂದರಿನ ಮಾತಿರಲಿಲ್ಲ.

ನೆಡುಂತೀವು

ಕೊನೆಯ ದಿನದ ಪ್ರವಾಸ ನೆಡುಂತೀವು ದ್ವೀಪಕ್ಕೆ. ಜಾಫ್ನಾದ ಬಳಿಯ ಕಟ್ಟೆಯಿಂದ ದೋಣಿಯಲ್ಲಿ ಒಂದು ತಾಸು. ಈ ಸಲ ಖಾದರಸಾಬರು ಚೀಲವನ್ನು ಮೊದಲೇ ಕೈಯಲ್ಲಿ ಹಿಡಿದಿದ್ದರು.

ದ್ವೀಪದಲ್ಲಿ ತಾಳೆಮರ, ಕಾಡು ಕುದುರೆ, ಬಿಸಿಲು. ಎಲ್ಲಕ್ಕಿಂತ ಹೆಚ್ಚಾಗಿ ಗೋಡೆ. ಪ್ರತಿ ತುಂಡು ನೆಲದ ಸುತ್ತಲೂ ಎದೆಯೆತ್ತರಕ್ಕೆ ಹವಳದ ಕಲ್ಲುಗಳನ್ನು ಪೇರಿಸಿದ್ದಾರೆ. ಗಾರೆಯಿಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಸಮುದ್ರ ಕಂಡಾಗಿನಿಂದ ಕುಗ್ಗಿಹೋಗಿದ್ದ ಖಾದರಸಾಬರು ಇಲ್ಲಿ ಮೊದಲ ಸಲ ನೆಟ್ಟಗೆ ನಡೆದರು. ಗೋಡೆಗಳನ್ನು ಕೈಯಿಂದ ತಟ್ಟಿ ನೋಡಿದರು. ಟೇಪು ಹೊರಗೆ ತೆಗೆದರು.

ನಮ್ಮನ್ನು ಅರುಳಪ್ಪು ಎಂಬ ಮೀನುಗಾರನಿಗೆ ಒಪ್ಪಿಸಿದರು. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಅವನ ತಮಿಳನ್ನು ಪಾಠದ ಮಹಿಳೆ ಇಂಗ್ಲಿಷಿಗೆ ತರುತ್ತಿದ್ದರು, ನಾನು ಕನ್ನಡಕ್ಕೆ. ಮರಳಿನ ಮೇಲೆ ಅವನ ಬಲೆ ಬಿದ್ದಿತ್ತು. ನಡುವೆ ಎತ್ತು ನುಗ್ಗಿ ಹೋದಷ್ಟು ದೊಡ್ಡ ಹರಕು. ತಳ ಕೆರೆಯುವ ದೊಡ್ಡ ದೋಣಿಗಳು ಗೆರೆ ದಾಟಿ ಬಂದು ಬಲೆಗಳನ್ನು ಎಳೆದುಕೊಂಡು ಹೋಗುತ್ತವೆ ಎಂದ. ಯಾವ ದೇಶದ ದೋಣಿ ಎಂದು ಯಾರೋ ಕೇಳಿದರು. ಅವನು ಖಾದರಸಾಬರನ್ನೂ ನನ್ನನ್ನೂ ನೋಡಿದ.

ಬಡ ಮೀನುಗಾರರು ಗೊತ್ತಿಲ್ಲದೆ ಬರುತ್ತಾರೇನೋ ಎಂದು ಒಬ್ಬ ಪತ್ರಕರ್ತ ಮೆಲ್ಲಗೆ ಹೇಳಿದ. ಅರುಳಪ್ಪು ಹರಕಿನಿಂದ ತಲೆ ಎತ್ತಲಿಲ್ಲ.

"ಗೆರೆ ಎಲ್ಲಿದೆಯೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದೆ ಬರುವವರು ನಿಮ್ಮ ಹಾಗೆ ಹಡಗಿನಲ್ಲಿ ಬರುತ್ತಾರೆ."

'ಅರಿಯದೆ ಗಡಿ ದಾಟಿದ ಮೀನುಗಾರರು' ಎಂಬ ವಾಕ್ಯವನ್ನು ಸುದ್ದಿಸಂಸ್ಥೆಯ ಪ್ರತಿಯಿಂದ ಕನ್ನಡಕ್ಕೆ ತಂದು ನಾನೇ ಎಷ್ಟೋ ಸಲ ಟೈಪು ಮಾಡಿದ್ದೇನೆ. ಒಂದು ಸಲವೂ ಒಬ್ಬ ಮೀನುಗಾರನನ್ನು ಕೇಳಿರಲಿಲ್ಲ. ಕೇಳಲು ಕೊಪ್ಪಳದಲ್ಲಿ ಅವರಿಲ್ಲ ಎಂಬ ಸಮಜಾಯಿಷಿ ಇತ್ತು.

ಆಮೇಲೆ ಅರುಳಪ್ಪು ನೀರು ಕುಡಿಯಲು ಮನೆಗೆ ಕರೆದ. ಅವನ ಮನೆಗೂ ದಾರಿಗೂ ನಡುವೆ ಇನ್ನೊಬ್ಬನ ನೆಲ, ಅದರ ಸುತ್ತ ಗೋಡೆ. ಅವನು ಗೋಡೆಯ ಒಂದು ಜಾಗದಲ್ಲಿ ನಾಲ್ಕು ಕಲ್ಲು ತೆಗೆದು ಕೆಳಗಿಟ್ಟ. ನಾವು ಒಬ್ಬೊಬ್ಬರಾಗಿ ದಾಟಿದೆವು. ಅವನು ಕಲ್ಲುಗಳನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟ. ಆಚೆ ಗೋಡೆಯಲ್ಲೂ ಹಾಗೆಯೇ ಮಾಡಿದ. ಖಾದರಸಾಬರು ನಿಂತುಬಿಟ್ಟರು. ಈ ನೆಲದವನನ್ನು ಕೇಳಿ ದಾಟುತ್ತೀಯಾ ಎಂದು ನನ್ನಿಂದ ಕೇಳಿಸಿದರು. ಕೇಳುವುದು ಹೇಗೆ, ನಾವು ಮಾತಾಡದೆ ಹನ್ನೊಂದು ವರ್ಷವಾಯಿತು ಎಂದ ಅರುಳಪ್ಪು. ಅವನು ತಡೆಯುವುದಿಲ್ಲವೇ? ಗೋಡೆ ಅವನದು, ಕಿಂಡಿ ನನ್ನದು, ಅಪ್ಪಂದಿರ ಕಾಲದಿಂದ ಹಾಗೇ ಇದೆ ಎಂದ. ದಾಟಬಹುದು, ಅಲ್ಲಿ ನಿಲ್ಲುವಂತಿಲ್ಲ, ಕಲ್ಲು ಮತ್ತೆ ಇಡದೆ ಹೋಗುವಂತಿಲ್ಲ.

ಪಾಠದ ಮಹಿಳೆ ಸಮುದ್ರದಲ್ಲೂ ಇದೇ ನಿಯಮವಿದೆ ಎಂದರು. ಪರದೇಶದ ಹಡಗು ಇನ್ನೊಂದು ದೇಶದ ಹನ್ನೆರಡು ಮೈಲಿಯೊಳಗೂ ಹಾದುಹೋಗಬಹುದು. ತೊಂದರೆ ಕೊಡಬಾರದು, ನಿಲ್ಲದೆ ಬೇಗ ಹೋಗಬೇಕು. ಇದನ್ನು ಮೊದಲ ದಿನವೇ ಹೇಳಿದ್ದೆ ಎಂದರು. ಹೇಳಿದ್ದು ನಿಜ. ನಾವಿಬ್ಬರೂ ಆಗ ಬುನಾದಿ ರೇಖೆಯ ಬೆರಗಿನಲ್ಲಿದ್ದೆವು.

ಖಾದರಸಾಬರು ಗೋಡೆಯ ನೆರಳಿನಲ್ಲಿ ಕೂತು ನಕಾಶೆ ಬಿಡಿಸಿದರು.

"ಬಂಡಿ ದಾರಿ" ಎಂದರು. "ಸುತ್ತಲೂ ಬ್ಯಾರೆಯವರ ಹೊಲ ಇದ್ದಾವಂಗ ಗಾಡಿ ಹೋಗಾಕ ದಾರಿ ಬಿಡಬೇಕು. ಊರ ನಕಾಶಿಯೊಳಗ ಚುಕ್ಕಿ ಚುಕ್ಕಿ ಹಾಕಿ ನಾನ ಎಷ್ಟು ದಾರಿ ತೋರಿಸೀನಿ. ಸಮುದ್ರದ ಕಾನೂನ್ ಕೇಳ್ಕೋಂತ ಕುಂತು ಅದನ್ನ ಮರತೆ ನೋಡ್ರಿ. ಎಂಥಾ ಸರ್ವೇಯರ್ ನಾ?"

ಹಡಗು ಹತ್ತಿ, ಮೂರು ದಿನ ತಂಪು ಕೋಣೆಯಲ್ಲಿ ಕೂತು, ಕುಷ್ಟಗಿಯ ಯಾವ ರೈತನಿಗಾದರೂ ಗೊತ್ತಿರುವುದನ್ನು ನೆನಪಿಸಿಕೊಂಡು ಹೊರಟಿದ್ದೆವು. ಆ ಸಂಜೆ ಖಾದರಸಾಬರು ಊರಿಗೆ ಫೋನ್ ಮಾಡಲಿಲ್ಲ.

ಸಾಣಾಪುರ

ಮರಳಿದ ನಾಲ್ಕನೇ ದಿನ ದಂಡೆಯ ಮೇಲೆ ಪಂಚಾಯಿತಿ ಕೂಡಿತು. ಖಾದರಸಾಬರು ನಿಂತೇ ಓದಿದರು. ಮಲ್ಲಪ್ಪನ ಕಲ್ಲಿನ ರಾಶಿ ಬಂದರಲ್ಲ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಯಂಕಪ್ಪನ ಬಂಡೆ ಕೆರೆ ತುಂಬಿದಾಗ ಮುಳುಗುತ್ತದೆ, ಆದ್ದರಿಂದ ಅದು ದ್ವೀಪವಲ್ಲ, ಆಡಿಗೂ ಗಡಿಗೂ ಸಂಬಂಧವಿಲ್ಲ. ಎರಡೂ ದಂಡೆಗಳಿಂದ ಸಮ ದೂರಕ್ಕೆ ಗೆರೆ. ಗೆರೆ ಗುಡ್ಡಕ್ಕೆ ಬಡಿಯುವ ಮೂಲೆಯಲ್ಲಿ, ಯಂಕಪ್ಪನ ನೀರಿನೊಳಗಿಂದ, ಎರಡು ಹರಿಗೋಲು ಪಕ್ಕಪಕ್ಕದಲ್ಲಿ ಹೋಗುವಷ್ಟು ಅಗಲದ ದಾರಿ ಮಲ್ಲಪ್ಪನಿಗೆ.

ಯಂಕಪ್ಪ ಎದ್ದುನಿಂತ. ಅವನ ಮುಖ ನೋಡಿ ಕೆಲಸ ಕೆಟ್ಟಿತೆಂದುಕೊಂಡೆ. ಹಿರಿಯರಲ್ಲೊಬ್ಬ, ಮೇಲಿನ ಹೊಲಕ್ಕೆ ಯಂಕಪ್ಪನ ಗಾಡಿ ಮೂವತ್ತು ವರ್ಷದಿಂದ ಯಾರ ಹೊಲದಲ್ಲಿ ಹಾದು ಹೋಗುತ್ತದೆ ಎಂದು ಕೇಳಿದ. ಮಲ್ಲಪ್ಪನ ಹೊಲದಲ್ಲಿ. ಯಂಕಪ್ಪ ಕೂತ.

"ಹೋಗ್ಲಿ ಬಿಡ್ರಿ" ಎಂದ. "ಆದ್ರ ಅಣ್ಣ ನನ್ನ ನೀರಿನ್ಯಾಗ ಹರಗೋಲ ನಿಲ್ಲಿಸಿ ಮಂದಿಗೆ ಸೆಲ್ಫಿ ತಗಸಬಾರದು. ಗಿರ್ಕಿ ಹೊಡಸಬಾರದು. ಬರೇ ಹಾದುಹೋಗಬೇಕು."

ಸಮುದ್ರ ಕಾನೂನಿನ ಆ ನಿಯಮವನ್ನು ಯಾರೂ ಅವನಿಗೆ ಓದಿ ಹೇಳಿರಲಿಲ್ಲ. ಮಲ್ಲಪ್ಪ ಒಪ್ಪಿದ. ಇಬ್ಬರೂ ನಕಾಶೆಯ ಮೇಲೆ ಸಹಿ ಹಾಕಿದರು. ಯಂಕಪ್ಪ ನೀರಿಗಿಳಿದು ಮೂಲೆಯ ಹಗ್ಗ ಬಿಚ್ಚಿದ. ಮಲ್ಲಪ್ಪನ ಹರಿಗೋಲು ಅಂದೇ ಮಧ್ಯಾಹ್ನ ನಾಲ್ಕು ಜನರನ್ನು ಕೂಡಿಸಿಕೊಂಡು ಹೊರಗೆ ಹೋಯಿತು. ಕೆರೆ ಸರಕಾರದ್ದು ಎಂಬ ಮಾತನ್ನು ಪಂಚಾಯಿತಿಯಲ್ಲಿ ಯಾರೂ ಎತ್ತಲಿಲ್ಲ. ವರದಿಗಾರನಾದ ನಾನೂ ಎತ್ತಲಿಲ್ಲ.

ಇದನ್ನು ಬರೆದು ಮುಗಿಸಿದ ದಿನ ಬೆಳಿಗ್ಗೆ ಖಾದರಸಾಬರು ಸಾಣಾಪುರದಿಂದ ಫೋನ್ ಮಾಡಿದ್ದರು. ದಾರಿ ತೆರೆದೇ ಇದೆ. ಕೆರೆಯ ನೀರು ಇನ್ನಷ್ಟು ಇಳಿದಿದೆ. ಬಂಡೆಯ ಮೇಲೆ ಈಗ ಎರಡು ಆಡುಗಳಿವೆ. ಒಂದು ಯಂಕಪ್ಪನದು, ಇನ್ನೊಂದು ಮಲ್ಲಪ್ಪನದು.